ಹಲ್ಲುಕಚ್ಚುವ ಮೊಲ

ಕುಜುಮಿ ಹಿಸಾನೋರಿಗೆ ಮಗಳನ್ನು ನೋಡಲು ತಿಂಗಳಿಗೊಂದು ಭಾನುವಾರ ಸಿಗುತ್ತಿತ್ತು. ಅದೂ ಮಧ್ಯಾಹ್ನ ಎರಡರಿಂದ ನಾಲ್ಕರ ತನಕ, ಅದೂ ತಕಮತ್ಸು ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ, ಮಕ್ಕಳು ಮರಿ ಕಟ್ಟಿಕೊಂಡು ಬರುವವರ ಗಲಾಟೆಯ ಮಧ್ಯೆ. ಗಂಡ ಹೆಂಡತಿ ಬೇರೆಯಾದರೆ ಮಗು ಇಡಿಯಾಗಿ ಒಬ್ಬರ ಪಾಲಿಗೇ ಹೋಗಬೇಕು ಅನ್ನುವುದು ನಮ್ಮ ಕಡೆಯ ಕಾನೂನು. ಮಗಳು ಚಿನಾಮಿ ತಾಯಿಯ ಪಾಲಿಗೆ ಹೋದಳು. ಹಿಸಾನೋರಿ ಜಗಳ ತೆಗೆಯಲಿಲ್ಲ. ಅದು ಅವನ ಜಾಯಮಾನವೇ ಅಲ್ಲ. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವನು, ದಿನವಿಡೀ ಹಬೆಯ ಮುಂದೆ ನಿಂತು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿ ರೂಢಿ. ಮಾತಾಡಲೇಬೇಕಾದ ಕಡೆಯೂ ಹಾಗೇ ಬಾಯಿ ಮುಚ್ಚಿಕೊಂಡಿರುತ್ತಿದ್ದ. "ಗೋಡೆ ಜೊತೆ ಸಂಸಾರ ಮಾಡಿದ ಹಾಗಾಯ್ತು ನಂಗೆ" ಅಂತ ಹೆಂಡತಿ ಮಿಹೊ ಹೇಳಿ ಹೇಳಿ ಸಾಕಾಗಿ ಒಂದು ದಿನ ಹೊರಟುಹೋದಳು. ಅವಳನ್ನು ಬೈದು ಏನೂ ಪ್ರಯೋಜನವಿಲ್ಲ.

ಮೊದಮೊದಲು ಅಪ್ಪ ಮಗಳು ಇಬ್ಬರೂ ಎದುರುಬದುರು ಕೂತು ಹಸಿರು ಸೋಡಾದಲ್ಲಿ ಏಳುವ ಗುಳ್ಳೆ ನೋಡುತ್ತಿದ್ದರು. "ಶಾಲೆ ಹೇಗಿದೆ?" "ಚೆನ್ನಾಗಿದೆ." ಅಲ್ಲಿಗೆ ಮುಗಿಯಿತು. ಹೀಗಿರುವಾಗ ಒಂದು ಸಲ ಚಿನಾಮಿ ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರವೊಂದನ್ನು ತಂದಳು. ಒಳಗಿದ್ದದ್ದು ತಮಾಮೊರಿ ಅನ್ನುವ ಆಟ. ಕಾಡುಮೇಡು ಅಲೆದು ಬಗೆಬಗೆಯ ಜೀವಿಗಳನ್ನು ಹಿಡಿಯಬೇಕು, ಸಾಕಬೇಕು, ಅವಕ್ಕೆ ಪಟ್ಟು ಕಲಿಸಿ ಬೇರೆಯವರ ಜೀವಿಗಳ ಜೊತೆ ಕಾಳಗಕ್ಕೆ ಬಿಡಬೇಕು. ಮುಂದಿನ ತಿಂಗಳು ಹಿಸಾನೋರಿಯೂ ಒಂದು ಹಳೆಯ ಯಂತ್ರ ಕೊಂಡುತಂದ. ಎರಡನ್ನೂ ಜೋಡಿಸಲು ಒಂದು ತಂತಿ ಬೇಕಾಗುತ್ತಿತ್ತು, ಆ ತಂತಿಯೋ ಮೊಳದುದ್ದ ಕೂಡ ಇರಲಿಲ್ಲ. ಹಾಗಾಗಿ ಮಗಳು ಎದುರಿನ ಸೀಟು ಬಿಟ್ಟು ಅವನ ಪಕ್ಕಕ್ಕೆ ಬಂದು ಒತ್ತಿಕೊಂಡು ಕೂರುವುದು ಶುರುವಾಯಿತು. ಆಟ ಅವನಿಗೆ ಇಷ್ಟವಾಯಿತೋ ಇಲ್ಲವೋ, ಆ ತಂತಿ ಕುಳ್ಳಗಿದ್ದದ್ದು ಮಾತ್ರ ಬಹಳ ಇಷ್ಟವಾಯಿತು.

ಚಿನಾಮಿಯ ಮುದ್ದಿನದ್ದು ಮೊಕೊಟಾ ಅನ್ನುವ ಜೀವಿ. ಹತ್ತಿಯುಂಡೆಯಂಥ ಮೊಲ, ನೋಡಲು ಬಲು ಚೆಂದ, ಕಾಳಗಕ್ಕೆ ಬಂದರೆ ಮೂರು ಕಾಸಿಗೂ ಬಾರದ್ದು. ಹೋದ ಬೇಸಿಗೆಯಲ್ಲಿ ಪೇಟೆಬೀದಿಯವರು ಮಕ್ಕಳಿಗೆ ಸ್ಪರ್ಧೆ ಇಟ್ಟಿದ್ದರು. ಮೊಕೊಟಾ ಮೊದಲ ಏಟಿಗೇ ಮಗುಚಿಬಿತ್ತು. ಮುಂದಿನ ಭಾನುವಾರ ಅದನ್ನು ಹೇಳುತ್ತಾ ಚಿನಾಮಿ ಅನ್ನದ ತಟ್ಟೆ ಮುಂದಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಬೇರೆ ಯಾವುದಾದ್ರೂ ಗಟ್ಟಿಯಾದ್ದು ಸಾಕಬಹುದಲ್ಲಮ್ಮ" ಅಂದ ಹಿಸಾನೋರಿ.

"ಬೇರೇದು ಬೇಡ. ಇದೇ ಬೀಳಬಾರದು."

"ಹಂಗಾದ್ರೆ ಬೀಳದೇ ಇರೋ ಮೊಕೊಟಾ ನಾನು ಮಾಡಿಕೊಡ್ತೀನಿ."

ಅವನು ಜನ್ಮದಲ್ಲಿ ಯಾರಿಗೂ ಅಷ್ಟು ಬೇಗ ಮಾತು ಕೊಟ್ಟವನಲ್ಲ. ಕೊಟ್ಟ ಮೇಲೆ ತಾನೇ ಬೆಚ್ಚಿದ.

ಆ ಆಟದಲ್ಲಿ ಹಲ್ಲುಕಚ್ಚು ಅಂತ ಒಂದು ಪಟ್ಟು ಇತ್ತು. ಎಂಥ ಏಟು ಬಿದ್ದರೂ ಜೀವಿ ಹಲ್ಲುಕಚ್ಚಿ ತಡೆದುಕೊಳ್ಳುತ್ತದೆ, ಒಂದು ತೊಟ್ಟು ಜೀವ ಉಳಿಸಿಕೊಂಡು ನಿಲ್ಲುತ್ತದೆ. ಮೊಲದ ಜಾತಿಗೆ ಅದು ತಾನಾಗಿ ಬರುವುದಿಲ್ಲ, ಕಲಿಸಿದರೂ ಹತ್ತುವುದಿಲ್ಲ. ಬಂದರೆ ಹುಟ್ಟಿನಿಂದಲೇ ಬರಬೇಕು. ಗಂಡೊಂದು ಹೆಣ್ಣೊಂದು ಜೀವಿಯನ್ನು ಆಟದೊಳಗಿನ ಮರಿಮನೆಯಲ್ಲಿ ಬಿಟ್ಟರೆ ಮೊಟ್ಟೆ ಸಿಗುತ್ತದೆ. ಆ ಮೊಟ್ಟೆಯಿಂದ ಬರುವ ಮರಿಗೆ ರೂಪ ತಾಯಿಯದು, ಪಟ್ಟು ತಂದೆಯದು. ಹಲ್ಲುಕಚ್ಚು ಗೊತ್ತಿದ್ದದ್ದು ಕಲ್ಲಾಮೆಗೆ. ಕಲ್ಲಾಮೆಗೂ ಮೊಲಕ್ಕೂ ಜೋಡಿ ಕೂಡುವುದಿಲ್ಲ. ನಡುವೆ ನೀರುನಾಯಿಯಂಥದ್ದೊಂದು ಬೇಕು. ಮೊದಲು ಆಮೆಯ ಪಟ್ಟು ನೀರುನಾಯಿಗೆ, ಆಮೇಲೆ ಆ ನೀರುನಾಯಿಯ ಪಟ್ಟು ಮೊಲಕ್ಕೆ.

ಊಟದ ಬಿಡುವಿನಲ್ಲಿ ಹಿಸಾನೋರಿ ಲಾಂಡ್ರಿಯ ಹಿಂಬಾಗಿಲಲ್ಲಿ ಕೂತು ಇದೇ ಮಾಡುತ್ತಿದ್ದ. ಒಂದು ಕೈಯಲ್ಲಿ ಉದೋನ್ ಶಾವಿಗೆಯ ಬಟ್ಟಲು, ಇನ್ನೊಂದು ಕೈಯಲ್ಲಿ ಯಂತ್ರ. ಕೌಂಟರಿನಲ್ಲಿ ಕೂರುವ ತತ್ಸುಎ ಅನ್ನುವ ಹಿರಿಯ ಹೆಂಗಸು ಅವನ ಕಾಲೆಳೆಯದೆ ಒಂದು ದಿನವೂ ಬಿಟ್ಟವಳಲ್ಲ.

"ಏನಪ್ಪಾ, ಇವತ್ತಾದ್ರೂ ನಿನ್ನ ಆಮೆಗೆ ಮದುವೆ ಆಯ್ತಾ?"

"ಆಯ್ತು. ಹೆಣ್ಣು ಮರಿ ಹುಟ್ತು. ಗಂಡು ಬೇಕಿತ್ತು."

"ಅಯ್ಯೋ ನಿನ್ನ, ಯಾವ ಕಾಲದಲ್ಲಿದ್ದೀಯ? ಹೆಣ್ಣು ಹುಟ್ಟಿದ್ರೆ ಏನಾಯ್ತು?"

"ಹಂಗಲ್ಲ ತತ್ಸುಎ-ಸಾನ್. ಪಟ್ಟು ಅಪ್ಪನಿಂದ ಮಾತ್ರ ಇಳಿಯೋದು."

"ಹೌದಾ. ಹೆರೋದು ಅಮ್ಮ, ಹೆಸರು ಅಪ್ಪಂದು. ಆಟ ಮಾಡಿದೋನು ಗಂಡಸೇ ಇರಬೇಕು ಬಿಡು" ಅಂದು ತತ್ಸುಎ ಅವನ ಬಟ್ಟಲಿಗೆ ತನ್ನ ಡಬ್ಬಿಯಿಂದ ಒಂದು ತುಂಡು ಮೀನು ಹಾಕಿ ಒಳಗೆ ಹೋದಳು.

ಚಳಿಗಾಲ ನಡು ಮುಟ್ಟುವ ಹೊತ್ತಿಗೆ ಪಟ್ಟು ಬಲ್ಲ ಗಂಡು ನೀರುನಾಯಿ ತಯಾರಾಯಿತು. ಅದೇ ವಾರ ಮಿಹೊ ಲಾಂಡ್ರಿಗೇ ಫೋನ್ ಮಾಡಿದಳು.

"ಕುಜುಮಿ-ಸಾನ್" ಅಂದಳು. ಹನ್ನೆರಡು ವರ್ಷ ಸಂಸಾರ ಮಾಡಿದವಳು, ಈಗ ಹೊರಗಿನವರ ಹಾಗೆ ಮನೆತನದ ಹೆಸರಿಗೆ ಸಾನ್ ಸೇರಿಸಿ ಕರೆಯುತ್ತಿದ್ದಳು. "ಮಾರ್ಚಿನಲ್ಲಿ ತೊಕುನಾಗ-ಸಾನ್ ಜೊತೆ ಮದುವೆ. ಚಿನಾಮಿಯನ್ನ ಅವರು ದತ್ತು ತಗೋತಾರೆ. ಹೊಸ ತರಗತಿ ಶುರುವಾಗೋ ಹೊತ್ತಿಗೆ ಮನೆತನದ ಹೆಸರೂ ಬದಲಾಗಿರುತ್ತೆ."

"ಹೂಂ."

"ಮಗೂನ ಎರಡು ಕಡೆ ಎಳೆದಾಡಿದ ಹಾಗಾಗಬಾರದು. ಫೆಬ್ರವರಿ ಭಾನುವಾರಾನೇ ಕೊನೇದು ಅಂತ ಇಟ್ಕೊಳ್ಳೋಣ. ಅವಳಿಗೆ ನಾನೇ ನಿಧಾನಕ್ಕೆ ಹೇಳ್ತೀನಿ. ನೀವು ಏನೂ ಹೇಳೋದು ಬೇಡ."

"ಹೂಂ" ಅಂದ ಹಿಸಾನೋರಿ.

ಅಲ್ಲ, ಒಂದು ಸಲ ಆಗಲ್ಲ ಅನ್ನಬಾರದಿತ್ತೆ? ವರ್ಷಕ್ಕೆರಡು ಸಲವಾದರೂ ನೋಡ್ತೀನಿ ಅಂತ ಕೇಳಬಾರದಿತ್ತೆ? ಮಿಹೊ ಕಲ್ಲು ಮನಸ್ಸಿನವಳೇನೂ ಅಲ್ಲ, ಕೇಳಿದ್ದರೆ ಏನೋ ಒಂದು ದಾರಿ ಆಗುತ್ತಿತ್ತು. ಇವನು ಫೋನ್ ಇಟ್ಟು, ಆಗಲೇ ಇಸ್ತ್ರಿ ಹಾಕಿದ್ದ ಅಂಗಿಯನ್ನು ಮತ್ತೆ ಬಿಚ್ಚಿ ಇಸ್ತ್ರಿ ಹಾಕತೊಡಗಿದ. ಕಣ್ಣು ಮಂಜಾಗಿ ಮುಂಗೈ ಸುಟ್ಟುಕೊಂಡ. ತತ್ಸುಎ ಓಡಿಬಂದು ತಣ್ಣೀರು ಸುರಿದಳು. "ಏನಾಯ್ತೋ?" ಅಂದರೆ "ಹಬೆ" ಅಂದ.

ಅವತ್ತಿನಿಂದ ಅವನ ತಲೆಯಲ್ಲಿ ಒಂದೇ. ಫೆಬ್ರವರಿ ಭಾನುವಾರದೊಳಗೆ ಮೊಟ್ಟೆ ಸಿಗಬೇಕು. ಮೊಟ್ಟೆಯನ್ನು ಮೊಟ್ಟೆಯಾಗಿಯೇ ಚಿನಾಮಿಗೆ ಕೊಡಬೇಕು. ಯಾಕೆಂದರೆ ಯಾರ ಯಂತ್ರದಲ್ಲಿ ಒಡೆಯುತ್ತದೋ ಅವರ ಹೆಸರೇ ಆ ಮರಿಯ ಪೋಷಕರು ಅಂತ ಅಚ್ಚಾಗುತ್ತದೆ, ಆಮೇಲೆ ಬ್ರಹ್ಮ ಬಂದರೂ ಅಳಿಸಲು ಆಗುವುದಿಲ್ಲ. ಬೇರೆಯವರ ಹೆಸರಿನ ಜೀವಿ ಬೆಳೆದು ಬಲವಾದ ಮೇಲೆ ಮಾತು ಕೇಳುವುದಿಲ್ಲ. ಹೊಡೆ ಅಂದರೆ ಬೆನ್ನು ತಿರುಗಿಸಿ ಮಲಗುತ್ತದೆ. ಚಿನಾಮಿಯ ಮೊಕೊಟಾ ಚಿನಾಮಿಯ ಮಾತು ಕೇಳಬೇಕಾದರೆ ಅದರಲ್ಲಿ ಅಪ್ಪನ ಹೆಸರು ಎಲ್ಲೂ ಇರಬಾರದು. ಪಟ್ಟು ಒಂದು ಇದ್ದರೆ ಸಾಕು. ಎಲ್ಲಾ ಹೋದ ಮೇಲೂ ಅವಳ ಹತ್ತಿರ ತನ್ನದು ಅನ್ನುವಂಥದ್ದು ಅದೊಂದು ಉಳಿಯುತ್ತದೆ ಅಂತ ಅವನ ಲೆಕ್ಕ.

ಮೊಟ್ಟೆ ಶನಿವಾರ ಸಿಕ್ಕಿತು. ಭಾನುವಾರ ಹೊಸ ಅಂಗಿ ತೊಟ್ಟು ಕೊತೊದೆನ್ ರೈಲು ಹತ್ತಿದ. ಕೂತವನು ಯಂತ್ರ ತೆಗೆದ, ಸುಮ್ಮನೆ ಮೊಟ್ಟೆ ನೋಡೋಣ ಅಂತ. ನೋಡಿದ, ಖುಷಿಪಟ್ಟ, ಕಿಟಕಿಯಾಚೆ ಕಣ್ಣು ಹೋಯಿತು. ಮಗಳಿಗೆ ಇವತ್ತು ಏನು ಹೇಳಬೇಕು, ಹೇಗೆ ಹೇಳಬೇಕು ಅಂತ ಮನಸ್ಸಿನಲ್ಲೇ ಮಾತು ಜೋಡಿಸುತ್ತಾ ಕೂತ. ಆದರೆ ಆರು ತಿಂಗಳು ಮರಿಮನೆಯ ಮುಂದಿನ ಹಾದಿಯಲ್ಲಿ ಹಿಂದೆ ಮುಂದೆ ಓಡಾಡಿದ ಹೆಬ್ಬೆರಳು ಸುಮ್ಮನಿರಬೇಕಲ್ಲ. ಆಟದೊಳಗೆ ಹಾಗೆ ನಡೆದಷ್ಟೂ ಮೊಟ್ಟೆ ಬೇಗ ಒಡೆಯುತ್ತದೆ. ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ, ಬೆರಳು ತನ್ನ ಪಾಡಿಗೆ ತಾನು ನಡೆಯಿತು. ಕವರಮಾಚಿ ನಿಲ್ದಾಣ ದಾಟುವಾಗ ಕೈಯೊಳಗಿಂದ ಆ ಪುಟ್ಟ ಸಂಗೀತ ಕೇಳಿಸಿತು. ನೋಡುತ್ತಾನೆ, ಚಿಪ್ಪು ಸೀಳಿ ಹತ್ತಿಯುಂಡೆ ಹೊರಗೆ ಬಂದು ಕಿವಿ ಅಲ್ಲಾಡಿಸುತ್ತಿದೆ. ಕೆಳಗೆ ಬರೆದಿದೆ: ಪೋಷಕರು, ಹಿಸಾ.

ಅವನು ಯಂತ್ರವನ್ನು ಎದೆಗೆ ಒತ್ತಿಕೊಂಡು ಬಗ್ಗಿಬಿಟ್ಟ. ಪಕ್ಕದಲ್ಲಿದ್ದ ಮುದುಕಿ "ಮೈಯಲ್ಲಿ ಹುಷಾರಿಲ್ವೇನಪ್ಪಾ" ಅಂತ ಕೇಳಿದಳು.

ಚಿನಾಮಿ ಆಗಲೇ ಬಂದು ಕೂತಿದ್ದಳು. ಪುಟ್ಟ ಬಾವುಟ ಸಿಕ್ಕಿಸಿದ ಮಕ್ಕಳ ಊಟ ತರಿಸಿದ್ದಳು. ಹತ್ತು ತುಂಬಿದ ಮೇಲೆ ಅದು ಚಿಕ್ಕ ಮಕ್ಕಳಿಗೆ ಅಂತ ಮೂಗು ಮುರಿಯುತ್ತಿದ್ದವಳು ಅವತ್ತು ತಾನೇ ಕೇಳಿ ತರಿಸಿಕೊಂಡಿದ್ದಳು. ಹಿಸಾನೋರಿಗೆ ಅದು ಹೊಳೆಯಲೇ ಇಲ್ಲ. ಎದುರಿಗೆ ಕೂತವನೇ ನಡೆದದ್ದನ್ನೆಲ್ಲ ಹೇಳಿದ.

"ಹುಟ್ಟಿದ್ದನ್ನೇ ಕೊಡು ಅಪ್ಪ. ಪರವಾಗಿಲ್ಲ" ಅಂದಳು ಚಿನಾಮಿ.

"ಪರವಾಗಿಲ್ಲ ಅಂದ್ರೆ ಹೇಗೆ? ನನ್ನ ಹೆಸರು ಬಿದ್ದುಬಿಟ್ಟಿದೆ. ನಾಳೆ ನಿನ್ನ ಮಾತೇ ಕೇಳಲ್ಲ ಅದು."

"ನಿನ್ನ ಹೆಸರೇ ಇರ್ಲಿ ಬಿಡು."

"ಬೇಡ. ಅಪ್ಪ ಅಮ್ಮ ಇಬ್ಬರೂ ಇನ್ನೂ ಮರಿಮನೇಲೇ ಇದ್ದಾರೆ. ಇನ್ನೊಂದು ಮೊಟ್ಟೆ ಬರುತ್ತೆ. ಸ್ವಲ್ಪ ಹೊತ್ತು ಅಷ್ಟೇ."

ಹೀಗಂದವನು ತಲೆ ತಗ್ಗಿಸಿ ಗುಂಡಿ ಒತ್ತತೊಡಗಿದ. ಮರಿಮನೆಯ ಮುಂದೆ ಒಬ್ಬ ತಾತ ನಿಂತಿರುತ್ತಾನೆ. ಮೊಟ್ಟೆ ಬಂದರೆ ಆ ತಾತ ರಸ್ತೆಯ ಕಡೆಗೆ ಮುಖ ತಿರುಗಿಸುತ್ತಾನೆ. ಅಲ್ಲಿಯ ತನಕ ಓಡಾಡುತ್ತಲೇ ಇರಬೇಕು. ತಾತ ಅವತ್ತು ಯಾವ ಹಟ ಹಿಡಿದಿದ್ದನೋ, ತಿರುಗಲೇ ಇಲ್ಲ.

ಚಿನಾಮಿ ಎದ್ದು ಬಂದು ಪಕ್ಕಕ್ಕೆ ಕೂತಳು. ತಂತಿ ಇನ್ನೂ ಚೀಲದಲ್ಲೇ ಇತ್ತು, ಆದರೂ ಒತ್ತಿಕೊಂಡೇ ಕೂತಳು.

"ಅಪ್ಪ, ಇಲ್ಲಿ ನೋಡು, ಹಲ್ಲು ಬಿತ್ತು. ದವಡೇದು."

"ಹೂಂ."

"ತೊಕುನಾಗ-ಸಾನ್ ಮನೇಲಿ ನಾಯಿ ಇದೆ. ಮುದಿ ನಾಯಿ. ನನ್ನ ಕಾಲ ಮೇಲೇ ಮಲಗುತ್ತೆ."

"ಹೂಂ, ಒಳ್ಳೇದು."

"ಚಿಕ್ಕೋಳಿದ್ದಾಗ ನಿನ್ನ ಬೆನ್ನ ಮೇಲೆ ನಿದ್ದೆ ಮಾಡ್ತಿದ್ದೆ ಅಲ್ವಾ ಅಪ್ಪ? ಜೊಲ್ಲು ಸುರಿಸ್ತಿದ್ದೆ ಅಂತ ಅಮ್ಮ ಹೇಳ್ತಾಳೆ."

"ಹೂಂ." ತಾತ ಈಗ ತಿರುಗಿದ ಹಾಗೆ ಕಂಡ. ಇಲ್ಲ, ಬರೀ ಭ್ರಮೆ.

ಅವಳು ಅವನ ಮುಂಗೈಯ ಸುಟ್ಟ ಕಲೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದಳು. "ಇದು ಯಾವಾಗ ಆಗಿದ್ದು?"

"ಹಬೆ" ಅಂದ ಅವನು, ಕಣ್ಣೆತ್ತದೆ.

ತಟ್ಟೆಯಲ್ಲಿದ್ದ ಅನ್ನ ಆರಿ ಗಟ್ಟಿಯಾಯಿತು. ಬಾವುಟವನ್ನು ಕಿತ್ತು ಚಿನಾಮಿ ಅವನ ಅಂಗಿಯ ಜೇಬಿಗೆ ಸಿಕ್ಕಿಸಿದಳು. ಅವನು ನಕ್ಕ ಹಾಗೆ ಮಾಡಿದ, ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು ತಲೆಯನ್ನು ಅವನ ತೋಳಿಗೆ ಆನಿಸಿದಳು. ತೋಳು ಅಲ್ಲಾಡಿದರೆ ಗುಂಡಿ ತಪ್ಪುತ್ತದಲ್ಲ, ಅವನು ಮೆಲ್ಲಗೆ ಸರಿದು ಕೂತ. ಇದನ್ನು ಹೇಳದೆ ಬಿಡಬಹುದಿತ್ತು. ಆದರೆ ಅವನು ಸರಿದದ್ದು ನಿಜ, ಅವಳು ಮತ್ತೆ ತಲೆ ಆನಿಸದೆ ಇದ್ದದ್ದೂ ನಿಜ.

"ಸಾಕು ಅಪ್ಪ. ಇಟ್ಟುಬಿಡು" ಅಂದಳು ಒಂದು ಸಲ.

"ಇನ್ನೊಂದೇ ಚೂರು ಕಣಮ್ಮ. ಈಗ ಬಂದುಬಿಡುತ್ತೆ."

ಬಂತು. ತಾತ ತಿರುಗಿದ, ಮೊಟ್ಟೆ ಕೈಗೆ ಬಂತು. ಹಿಸಾನೋರಿ ತಲೆಯೆತ್ತಿ ನೋಡಿದರೆ ಗಾಜಿನ ಬಾಗಿಲ ಆಚೆ ಮಿಹೊ ಕೋಟು ತೊಟ್ಟು ನಿಂತಿದ್ದಳು. ನಾಲ್ಕು ಹೊಡೆದಿತ್ತು.

ಅವಸರ ಅವಸರವಾಗಿ ತಂತಿ ಜೋಡಿಸಿದ. ಈ ಆಟದಲ್ಲಿ ಸುಮ್ಮನೆ ಕೊಡುವುದಿಲ್ಲ, ಒಂದು ಕೊಟ್ಟರೆ ಒಂದು ತೆಗೆದುಕೊಳ್ಳಲೇಬೇಕು. ಚಿನಾಮಿ ತನ್ನ ಕಡೆಯಿಂದ ಆರಿಸಿದ್ದು ಹಳೆಯ ಮೊಕೊಟಾವನ್ನು.

"ಅದು ಬೇಡಮ್ಮ. ಕೆಲಸಕ್ಕೆ ಬಾರದ್ದು ಯಾವುದಾದ್ರೂ ಕೊಡು."

"ಇದೇ ಕೆಲಸಕ್ಕೆ ಬಾರದ್ದು" ಅಂದಳು. ನಗಲು ಹೋಗಿ ಬಾಯಿ ಸೊಟ್ಟಗಾಯಿತು. "ಒಂದೇ ಏಟಿಗೆ ಬೀಳುತ್ತೆ. ಹುಷಾರಾಗಿ ನೋಡ್ಕೋ."

ಮೊಟ್ಟೆ ಅತ್ತ ಹೋಯಿತು, ಮೊಲ ಇತ್ತ ಬಂತು. ಚಿನಾಮಿ ಯಂತ್ರವನ್ನು ಚೀಲಕ್ಕೆ ಹಾಕಿ ಎದ್ದು ನಿಂತಳು. ಪ್ರತಿ ಸಲ ಹೋಗುವಾಗ "ಬರ್ತೀನಿ ಅಪ್ಪ" ಅಂತ ಕೈಬೀಸುತ್ತಿದ್ದವಳು ಅವತ್ತು ಮೇಜಿನಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಕೈಗಳನ್ನು ಮುಂದೆ ಜೋಡಿಸಿಕೊಂಡು, ಸೊಂಟ ಬಗ್ಗಿಸಿ, ದೊಡ್ಡವರ ಹಾಗೆ ತಲೆ ತಗ್ಗಿಸಿದಳು.

"ಇಷ್ಟು ದಿನ ನೀವು ನನ್ನನ್ನ ತುಂಬಾ ಚೆನ್ನಾಗಿ ನೋಡ್ಕೊಂಡ್ರಿ" ಅಂದಳು.

ಕೆಲಸ ಬಿಟ್ಟು ಹೋಗುವವರು ಯಜಮಾನರಿಗೆ, ಬಾಡಿಗೆಮನೆ ಖಾಲಿ ಮಾಡುವವರು ಅಕ್ಕಪಕ್ಕದವರಿಗೆ ಹೇಳುವ ಮಾತು ಅದು. ಮತ್ತೆ ಸಿಗುವವರಿಗೆ ಯಾರೂ ಹಾಗೆ ಹೇಳುವುದಿಲ್ಲ. ಅವಳಿಗೆ ಗೊತ್ತಿತ್ತು. ಬಾವುಟದ ಊಟ ತರಿಸುವಾಗಲೂ ಗೊತ್ತಿತ್ತು, ಹಲ್ಲು ತೋರಿಸುವಾಗಲೂ ಗೊತ್ತಿತ್ತು, ತೋಳಿಗೆ ತಲೆ ಆನಿಸುವಾಗಲೂ ಗೊತ್ತಿತ್ತು. ಗೊತ್ತಿದ್ದೂ ಒಂದು ಮಾತು ಆಡಲಿಲ್ಲ. ಹಿಸಾನೋರಿ ಏಳಲು ಹೋದ, ಕಾಲು ಮೇಜಿಗೆ ಸಿಕ್ಕಿತು. "ಚಿನಾ" ಅಂದ. ಅಷ್ಟು ಹೊತ್ತಿಗೆ ಅವಳು ಬಾಗಿಲ ಹತ್ತಿರ ಹೋಗಿ ತಾಯಿಯ ಕೈ ಹಿಡಿದಿದ್ದಳು. ಮಿಹೊ ಆಚೆಯಿಂದ ತಲೆ ಬಾಗಿಸಿದಳು. ಇವನೂ ಬಾಗಿಸಿದ. ತಲೆ ಎತ್ತುವಾಗ ಅಲ್ಲಿ ಯಾರೂ ಇರಲಿಲ್ಲ.

ಮತ್ತೆ ಬೇಸಿಗೆ ಬಂತು. ಪೇಟೆಬೀದಿಯ ಸ್ಪರ್ಧೆಯ ಚೀಟಿಯನ್ನು ತತ್ಸುಎ ಲಾಂಡ್ರಿಯ ಗಾಜಿಗೆ ಅಂಟಿಸಿದಳು. ಅಂಟಿಸಿ, ಅವನ ಕಡೆ ನೋಡದೆಯೇ, "ಭಾನುವಾರ ಪೇಟೆ ಕಡೆ ಬಟ್ಟೆ ಕೊಟ್ಟು ಬರೋದಿದೆ, ನೀನೇ ಹೋಗು" ಅಂದಳು. ಭಾನುವಾರ ಬಟ್ಟೆ ಕೊಡುವ ಪದ್ಧತಿ ಆ ಅಂಗಡಿಯಲ್ಲಿ ಎಂದೂ ಇರಲಿಲ್ಲ.

ಗಾಜಿನ ಚಾವಣಿಯ ಚೌಕದಲ್ಲಿ ವೇದಿಕೆ ಹಾಕಿದ್ದರು. ಮಕ್ಕಳ ಯಂತ್ರದಲ್ಲಿ ನಡೆಯುವುದೆಲ್ಲ ದೊಡ್ಡ ಪರದೆಯ ಮೇಲೆ ಕಾಣುತ್ತಿತ್ತು. ಎರಡೂ ಕೈತುಂಬ ಹ್ಯಾಂಗರುಗಳಲ್ಲಿ ಸೂಟುಗಳನ್ನು ಹಿಡಿದುಕೊಂಡು ಹಿಸಾನೋರಿ ಕಂಬದ ಮರೆಯಲ್ಲಿ ನಿಂತ. ಹತ್ತಿರ ಹೋಗುವುದಿಲ್ಲ ಅಂತ ತನಗೆ ತಾನೇ ಹೇಳಿಕೊಂಡಿದ್ದ. "ತೊಕುನಾಗ ಚಿನಾಮಿ" ಅಂತ ಕೂಗಿದರು. ಯಾರೋ ಅಂದುಕೊಂಡ. ಆಮೇಲೆ ಮೆಟ್ಟಿಲು ಹತ್ತುತ್ತಿರುವವಳನ್ನು ಕಂಡ. ಕೂದಲು ಮೋಟು ಮಾಡಿಸಿಕೊಂಡಿದ್ದಳು. ಎತ್ತರವಾಗಿದ್ದಳು. ಮುಂದಿನ ಸಾಲಿನಲ್ಲಿ ಮಿಹೊ, ಅವಳ ಪಕ್ಕದಲ್ಲಿ ಕ್ಯಾಮೆರಾ ಹಿಡಿದ ಕನ್ನಡಕದ ಗಂಡಸು. ನೋಡಿದರೆ ಒಳ್ಳೆಯವನ ಹಾಗೇ ಕಾಣುತ್ತಿದ್ದ. ಕೆಟ್ಟವನ ಹಾಗೆ ಕಂಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಚಿನಾಮಿಯ ಮೊಕೊಟಾದ ಎದುರಿಗೆ ಬಂದದ್ದು ಗೂಳಿಯಂಥದ್ದು. ಅದು ಓಡಿಬಂದು ಗುಮ್ಮಿತು. ಮೊಲದ ಜೀವದ ಗೆರೆ ಸರ್ರನೆ ಇಳಿಯುತ್ತಾ ಹೋಯಿತು, ಇನ್ನೇನು ಮುಗಿಯಿತು ಅನ್ನುವಾಗ ಒಂದು ತೊಟ್ಟಿನ ಹತ್ತಿರ ನಿಂತಿತು. ಮೊಲ ಹಲ್ಲುಕಚ್ಚಿಕೊಂಡು ನಿಂತೇ ಇತ್ತು. ನೆರೆದ ಮಕ್ಕಳು ಓಹೋ ಅಂತ ಕೂಗಿದರು. ಮುಂದಿನ ಸರದಿ ಮೊಲದ್ದು, ಅದು ತಿರುಗಿ ಒದ್ದ ಏಟಿಗೆ ಗೂಳಿ ಮಗುಚಿಕೊಂಡಿತು.

ನಿರೂಪಕ ಅವಳ ಬಾಯಿಗೆ ಮೈಕು ಹಿಡಿದ. "ಅಲ್ಲಾ ಪುಟ್ಟಿ, ಈ ಜಾತಿಗೆ ಈ ಪಟ್ಟು ಬರೋದೇ ಇಲ್ವಲ್ಲ. ಯಾರು ಮಾಡಿಕೊಟ್ಟಿದ್ದು?"

ಚಿನಾಮಿ ಬಾಯಿ ತೆರೆದಳು. ಕಂಬದ ಮರೆಯಲ್ಲಿದ್ದವನು ಕತ್ತು ಮುಂದೆ ಚಾಚಿದ. ಅವಳು ಮುಂದಿನ ಸಾಲಿನ ಕಡೆ ನೋಡಿದಳು. ತಾಯಿಯ ಮುಖ, ಪಕ್ಕದವನ ಮುಖ. ತೆರೆದ ಬಾಯಿಯನ್ನು ಮುಚ್ಚಿಕೊಂಡಳು. ದವಡೆ ಬಿಗಿಯಾದದ್ದು ಅಷ್ಟು ದೂರಕ್ಕೂ ಕಂಡಿತು.

"ಗೊತ್ತಿಲ್ಲ" ಅಂದಳು. "ಹುಟ್ಟುವಾಗಲೇ ಇತ್ತು."

"ಹಾಗಾದ್ರೆ ಅಪ್ಪನ ಕಡೆಯಿಂದ ಬಂದಿರಬೇಕು" ಅಂತ ನಿರೂಪಕ ನಗುತ್ತಾ ಮುಂದಿನ ಸಾಲಿಗೆ ಕೈ ತೋರಿಸಿದ. ಜನ ಚಪ್ಪಾಳೆ ತಟ್ಟಿದರು. ತೊಕುನಾಗ ನಾಚಿಕೊಂಡು ತಲೆ ಕೆರೆದುಕೊಂಡು ಬಗ್ಗಿ ನಮಸ್ಕರಿಸಿದ. ಚಿನಾಮಿಯೂ ನಕ್ಕಳು. ಆ ಸೊಟ್ಟ ನಗುವನ್ನು ಹಿಸಾನೋರಿ ಫೆಬ್ರವರಿಯಲ್ಲಿ ನೋಡಿದ್ದ.

ಕೈತುಂಬ ಬಟ್ಟೆ ಇದ್ದುದರಿಂದ ಅವನಿಗೆ ಚಪ್ಪಾಳೆ ತಟ್ಟಲೂ ಆಗಲಿಲ್ಲ, ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ. ಆರು ತಿಂಗಳು ಕಷ್ಟಪಟ್ಟು ಮೊಲಕ್ಕೆ ಕೊಟ್ಟೆ ಅಂದುಕೊಂಡಿದ್ದ ಪಟ್ಟು, ಅವನು ಯಾವ ಕಷ್ಟವನ್ನೂ ಪಡದೆ ಮಗಳಿಗೆ ಎಂದೋ ಹೋಗಿಬಿಟ್ಟಿತ್ತು. ಹತ್ತು ವರ್ಷದ ಕೂಸು, ಒಳಗೆ ಏನೇ ಆಗಲಿ ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು ಅವನಿಂದಲೇ ತೆಗೆದುಕೊಂಡಿತ್ತು. ಅವಳು ಅಲ್ಲೇ ವೇದಿಕೆಯ ಮೇಲೆ ಮೊಲದ ಹಾಗೆ ಮಗುಚಿಬಿದ್ದು ಅತ್ತಿದ್ದರೂ ಅವನು ಇಷ್ಟು ಸಂಕಟಪಡುತ್ತಿರಲಿಲ್ಲ.

"ಚಿನಾ" ಅಂತ ಕೂಗಬೇಕು ಅನ್ನಿಸಿತು. ಒಂದೇ ಒಂದು ಸಲ ಕೂಗಿದರೆ ಅವಳು ತಿರುಗುತ್ತಿದ್ದಳು. ಬಾಯಿ ತೆರೆದ, ಮುಂದಿನ ಸಾಲಿನ ಕಡೆ ನೋಡಿದ, ಮುಚ್ಚಿಕೊಂಡ. ಆಮೇಲೆ ಸೂಟುಗಳು ನೆಲಕ್ಕೆ ತಾಗದ ಹಾಗೆ ಕೈ ಮೇಲೆತ್ತಿ ಹಿಡಿದುಕೊಂಡು, ಕೊಡಬೇಕಾದ ಅಂಗಡಿಯ ಕಡೆಗೆ ನಡೆದ.